ಮೂರೂವರೆ ಮೊಳದ ಖಣ

ಸಂಶಿ ಸರ್ ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಿದ್ದರು. ಬಾಗಿಲಲ್ಲಿ ನಿಂತು "ಬರ್ರಿ, ಬರ್ರಿ" ಎನ್ನುವ ಮನೆಯವರ ಮುಖ ಕಾಣುವ ಮೊದಲೇ ಅವರಿಗೆ ಆ ಮನೆಯ ತೊಲೆ, ಜಂತಿಗಳು ಕಾಣಬೇಕಿತ್ತು. ಚಪ್ಪಲಿ ಬಿಡುತ್ತಿದ್ದಂತೆ ಕತ್ತು ಹಿಂದಕ್ಕೆ ವಾಲುತ್ತಿತ್ತು, ತುಟಿ ಅಲ್ಲಾಡುತ್ತಿತ್ತು, ಆಮೇಲೆ "ಆರು ಖಣ" ಎಂದೋ, "ಒಂಬತ್ತು, ಒಂದು ಹಿಂದಿನಿಂದ ಕೂಡಿಸಿದ್ದು" ಎಂದೋ ತೀರ್ಪು ಹೊರಬೀಳುತ್ತಿತ್ತು. ನಮಸ್ಕಾರವೇನಿದ್ದರೂ ಅದಾದ ಮೇಲೆ. ನವಲಗುಂದದ ಮುದುಕಿಯೊಬ್ಬಳು ಇವರನ್ನು ಪಂಚಾಯತಿಯಿಂದ ಸೋರುವ ಮನೆಗಳನ್ನು ನೋಡಲು ಬಂದವರೆಂದು ತಿಳಿದು, ತನ್ನ ಮಣ್ಣಿನ ಮಾಳಿಗೆ ಸೋರುವ ನಾಲ್ಕೂ ಜಾಗ ತೋರಿಸಿ, "ನನ್ನ ಹೆಸರ ಬರಕೊಳ್ರಿ ಸಾಹೇಬರ" ಎಂದು ಪಟ್ಟು ಹಿಡಿದಳು. ಸರ್ ಬರೆದುಕೊಂಡರು. ಮುಂದಿನ ವಾರ ನಮ್ಮ ತರಗತಿಯನ್ನೇ ಕರೆದುಕೊಂಡು ಹೋಗಿ ಆ ಮಾಳಿಗೆಯ ಮೇಲೆ ಸವುಳು ಮಣ್ಣು ಹೊರಿಸಿ, ನಮ್ಮಿಂದಲೇ ತುಳಿಸಿ, ಅವತ್ತಿನ ಹಾಜರಿ ಹಾಕಿದರು. ಆರ್ಕಿಟೆಕ್ಚರ್ ಕಲಿಯಲು ಬಂದ ನಾವು ಮೊದಲು ಕಲಿತದ್ದು ಮಣ್ಣು ತುಳಿಯುವುದನ್ನು.

ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತಂತೆ. ಅದನ್ನು ಹೇಳಿದವರು ಅವರ ಹೆಂಡತಿ ಶಕುಂತಲಾ. ಕುಂದಗೋಳದ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಊರೆಲ್ಲ ಅವರನ್ನು ಅಕ್ಕಾರು ಎನ್ನುತ್ತಿತ್ತು, ನಾವೂ ಹಾಗೇ ಕರೆಯುತ್ತಿದ್ದೆವು.

"ನಾ ಚಾದ ತಾಟ ಹಿಡಕೊಂಡ ಹೊರಗ ಬಂದ್ರ ಇವರು ಮ್ಯಾಲೆ ನೋಡಾಕತ್ತಿದ್ರು. ವರನ ಕಣ್ಣಿಗೆ ಏನರ ಐಬು ಐತೇನ ಅಂತ ನಮ್ಮಪ್ಪಗ ಅಗದಿ ಚಿಂತಿ ಹತ್ತಿತು. ಹೋಗೂ ಮುಂದ, ಹುಡುಗಿ ಹೆಂಗ ಅನಸಿದಳ್ರಿ ಅಂತ ಕೇಳಿದ್ರ, ಮನಿ ಭಾಳ ಪಾಡ ಐತ್ರಿ ಅಂದ್ರು. ಅಷ್ಟರ ಮ್ಯಾಲೆ ನನ್ನ ಲಗ್ನ ಆತು" ಎಂದು ಅಕ್ಕಾರು ನಗದೆ ಹೇಳುತ್ತಿದ್ದರು. ಸರ್ ಬಾಜೂಕೇ ಕೂತು ಅವಲಕ್ಕಿ ತಿನ್ನುತ್ತ, "ಹನ್ನೆರಡ ಖಣದ ಮನಿ ಲೇ, ಸಾಗವಾನಿ ಕಂಬ" ಎಂದು ನಮಗೆ ಸಮಜಾಯಿಷಿ ಕೊಡುತ್ತಿದ್ದರು.

ಖಣ ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನಾಲ್ಕು ಕಂಬಗಳ ನಡುವಿನ ಚೌಕಕ್ಕೆ ಮೈಸೂರಿನವರು ಅಂಕಣ ಎನ್ನುತ್ತಾರೆ, ನಾವು ಖಣ ಎನ್ನುತ್ತೇವೆ. ಮನೆ ದೊಡ್ಡದೋ ಸಣ್ಣದೋ ಎಂಬುದನ್ನು ಚದರಡಿಯಲ್ಲಿ ಹೇಳುವ ಕಾಲ ಬರುವ ಮೊದಲು ಖಣದಲ್ಲೇ ಹೇಳುತ್ತಿದ್ದರು. ಸಂಶಿ ಸರ್ ತಮ್ಮ ಆಯುಷ್ಯದ ಇಪ್ಪತ್ತು ವರ್ಷವನ್ನು ಈ ಒಂದು ಚೌಕಕ್ಕೆ ಕೊಟ್ಟಿದ್ದರು. ಕುಂದಗೋಳದಿಂದ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ನಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಭಾನುವಾರ ಬಂತೆಂದರೆ ಟೇಪು, ಹಲಗೆ, ಒಂದು ಡಬ್ಬಿ ರೊಟ್ಟಿ ಹಿಡಿದು ನವಲಗುಂದ, ಅಣ್ಣಿಗೇರಿ ಕಡೆಯ ಯಾವುದಾದರೂ ಹಳ್ಳಿಗೆ ಹೊರಡುತ್ತಿದ್ದರು. "ಸಂಶಿಯವರ ಶೋಧನೆಗೇ ಸಂಶೋಧನೆ ಅಂತಾರ" ಎಂದು ನಾವು ಆಡಿಕೊಳ್ಳುತ್ತಿದ್ದೆವು. ಅವರಿಗೆ ಅದು ಗೊತ್ತಿತ್ತು, ಒಮ್ಮೆ ಪಾಠದ ನಡುವೆ ತಾವೇ ಬಳಸಿ ನಮ್ಮ ಮುಖ ಕೆಂಪಾಗುವಂತೆ ಮಾಡಿದ್ದರು.

ನಮ್ಮ ಯಾರ ಹೆಸರೂ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಎಲ್ಲರನ್ನೂ ಊರಿನ ಹೆಸರಿನಿಂದ ಕರೆಯುತ್ತಿದ್ದರು. ನಾನು ಅಣ್ಣಿಗೇರಿ. ನನ್ನ ಬಾಜೂಕಿನವಳು ಮೈಸೂರು. ಹುಬ್ಬಳ್ಳಿಯವರು ತರಗತಿಯಲ್ಲಿ ಆರು ಜನ ಇದ್ದುದರಿಂದ ಅವರಿಗೆ ಓಣಿಯ ಹೆಸರು. ನಮ್ಮ ನಕ್ಷೆಗಳನ್ನು ನೋಡುವಾಗ ಅವರದು ಒಂದೇ ಪ್ರಶ್ನೆ: "ಚೀಲ ಎಲ್ಲಿ ಇಡತಾರ?" ಜೋಳದ ಚೀಲ, ಹತ್ತಿಯ ಚೀಲ, ಈಗಿನವರಾದರೆ ಗೊಬ್ಬರದ ಚೀಲ. ಒಬ್ಬ ಗಾಜಿನ ಗೋಡೆಯ ಮನೆ ಬರೆದು ತಂದಿದ್ದ. ಸರ್ ಅದನ್ನು ಬಹಳ ಹೊತ್ತು, ಬಹಳ ಗೌರವದಿಂದ ನೋಡಿದರು. "ಭಾಳ ಚೊಲೊ ಕಾಣತೈತಿ. ಗಾಜಿಗೆ ಚೀಲ ಆನಿಸಿ ನಿಲ್ಲಸೂದಾತು. ಒಡದ ದಿವಸ ನಿನಗ ಫೋನ್ ಮಾಡತಾರ, ನಂಬರ ಬರದ ಕೊಡು" ಎಂದರು. ಅವನು ಈಗ ಬೆಂಗಳೂರಿನಲ್ಲಿ ಗಾಜಿನ ಕಟ್ಟಡಗಳನ್ನೇ ಕಟ್ಟುತ್ತಾನೆ, ಮಾತಿಗೆ ಸಿಕ್ಕಾಗೆಲ್ಲ ಸರ್ ಅವರನ್ನು ನೆನೆಯುತ್ತಾನೆ.

ನಾವು ಮೂರನೆಯ ವರ್ಷದಲ್ಲಿದ್ದಾಗ ಕಾಲೇಜಿನ ವೆಬ್‌ಸೈಟಿಗೆ ಎಲ್ಲ ಉಪನ್ಯಾಸಕರೂ ತಮ್ಮ ಬೋಧನೆಯ ಮತ್ತು ಸಂಶೋಧನೆಯ ಆಸಕ್ತಿಗಳನ್ನು ಬರೆದುಕೊಡಬೇಕೆಂದು ಆದೇಶ ಬಂತು. ಒಬ್ಬರು ಸುಸ್ಥಿರ ನಗರ ಎಂದು ಬರೆದರು, ಇನ್ನೊಬ್ಬರು ಕಂಪ್ಯೂಟರ್ ಆಧಾರಿತ ವಿನ್ಯಾಸ ಎಂದರು, ಮತ್ತೊಬ್ಬರು ಭವಿಷ್ಯದ ವಸತಿ ಎಂದರು. ಎಲ್ಲರದೂ ಮೂರು ಮೂರು ಸಾಲು. ಸಂಶಿ ಸರ್ ಒಂದೇ ಪದ ಬರೆದರು: ಖಣ. ಕಂಪ್ಯೂಟರಿನ ಮುಂದೆ ಕೂತಿದ್ದ ಗುಮಾಸ್ತೆ ಗುಳೇದಗುಡ್ಡದ ಕಡೆಯವಳು, ನೇಕಾರರ ಮನೆಯ ಹುಡುಗಿ. ಅವಳಿಗೆ ಖಣ ಎಂದರೆ ಕುಬಸದ, ಅಂದರೆ ರವಿಕೆಯ ಬಟ್ಟೆ, ಬೇರೆ ಅರ್ಥ ಉಂಟೆಂದು ಅವಳ ತಲೆಗೇ ಬರಲಿಲ್ಲ. ಒಂದೇ ಪದ ಚಂದ ಕಾಣುವುದಿಲ್ಲವೆಂದು ತಾನೇ ಬೆಳೆಸಿ, "ಉತ್ತರ ಕರ್ನಾಟಕದ ಪಾರಂಪರಿಕ ಕುಬಸದ ಬಟ್ಟೆಗಳು, ಅವುಗಳ ಅಂಚು ಮತ್ತು ಬಣ್ಣ" ಎಂದು ಹಾಕಿಬಿಟ್ಟಳು. ಪಕ್ಕದಲ್ಲಿ ಸರ್ ಅವರ ಗಂಭೀರ ಫೋಟೊ.

ಇಡೀ ಒಂದು ಸೆಮಿಸ್ಟರ್ ಅದು ಹಾಗೇ ಇತ್ತು. ಕೊನೆಗೆ ಜವಳಿ ವಿನ್ಯಾಸ ಓದುತ್ತಿದ್ದ ಹುಡುಗಿಯೊಬ್ಬಳು ದೂರದಿಂದ ಪತ್ರ ಬರೆದು, ಅಪ್ಪಣೆ ಪಡೆದು, ಸರ್ ಅವರ ಮಾರ್ಗದರ್ಶನ ಬೇಕೆಂದು ಬಂದೇಬಿಟ್ಟಳು. ಅವರ ಜಾಗದಲ್ಲಿ ನಾನಿದ್ದರೆ ಗುಮಾಸ್ತೆಯನ್ನು ಕರೆದು ಎರಡು ಮಾತಾಡುತ್ತಿದ್ದೆ. ಸರ್ ಏನೂ ಅನ್ನಲಿಲ್ಲ. "ಇಷ್ಟ ದೂರ ಬಂದಾಳ, ಬರಿಗೈಲೆ ಕಳಸಾಕ ಬರತೈತೇನ?" ಎಂದು ಅವಳನ್ನು ನವಲಗುಂದಕ್ಕೆ ಕರೆದೊಯ್ದು ಜಮಖಾನೆ ನೇಯುವ ಮನೆಗಳನ್ನು ತೋರಿಸಿದರು. ಆ ಮನೆಗಳ ಒಳಗೂ ಅವರು ಮೊದಲು ನೋಡಿದ್ದು ಜಂತಿಗಳನ್ನೇ. ಅವಳು ಮಗ್ಗ ಬರೆದುಕೊಂಡಳು, ಇವರು ಮಗ್ಗ ನಿಂತ ಖಣ ಬರೆದುಕೊಂಡರು.

ಅಷ್ಟು ವರ್ಷ ಬರೆದುಕೊಂಡು ಅವರು ಕಂಡುಹಿಡಿದಿದ್ದ ಸಂಗತಿ ಒಂದಿತ್ತು. ಎರೆ ನಾಡಿನ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಖಣದ ಅಳತೆ ಹೆಚ್ಚುಕಡಿಮೆ ಒಂದೇ: ಮೂರೂವರೆ ಮೊಳ. ಗೌಡರ ಮನೆಯಾದರೂ ಅಷ್ಟೇ, ಕುರಿ ಕಾಯುವವರ ಮನೆಯಾದರೂ ಅಷ್ಟೇ. ಖಣ ಎಷ್ಟಿವೆ ಎನ್ನುವುದರಲ್ಲಿ ವ್ಯತ್ಯಾಸವೇ ಹೊರತು ಖಣದ ಗಾತ್ರದಲ್ಲಿ ಇಲ್ಲ. ಯಾಕೆ? ಸರ್ ಅವರ ಉತ್ತರ, ಆಯ. ಮನೆ ಕಟ್ಟುವ ಮುಂಚೆ ಶುಭ ಅಳತೆ ನೋಡುವ ಪದ್ಧತಿ ಉಂಟಲ್ಲ, ಆ ಲೆಕ್ಕದಿಂದಲೇ ಮೂರೂವರೆ ಬಂದಿದೆ. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ಶುಭ, ಒಂದೇ ಮೊಳ ಎಂದು ಅವರು ವಾದಿಸಿದ್ದರು. ಅದೇ ಅವರ ಪಿಎಚ್‌ಡಿ ಪ್ರಬಂಧ. ಅದರಲ್ಲಿ ಒಂದು ಅಧ್ಯಾಯ ಕಂಬಗಳು ಗಿಡ್ಡ ಇರುವುದರ ಬಗ್ಗೆಯೇ ಇತ್ತು. ಒಳಗೆ ಬರುವ ಮನುಷ್ಯ ತಲೆಬಾಗಬೇಕು, ಈ ಮನೆಗಳು ವಿನಯ ಕಲಿಸುತ್ತವೆ ಎಂದು. ಓದಿದರೆ ಕಣ್ಣು ಒದ್ದೆಯಾಗುವ ಹಾಗೆ ಬರೆದಿದ್ದರು.

ನಾವು ನಾಲ್ಕನೆಯ ವರ್ಷಕ್ಕೆ ಬಂದಾಗ ಕಾಲೇಜು ಹೊಸ ನಿಯಮ ತಂದಿತ್ತು. ಜೂನ್ ತಿಂಗಳು ಮುಗಿಯುವುದರೊಳಗೆ ಪ್ರಬಂಧ ಸಲ್ಲಿಸದವರ ಕಾಯಂ ಹುದ್ದೆ ಹೋಗುತ್ತದೆ, ಬೇಕಾದರೆ ಅತಿಥಿ ಉಪನ್ಯಾಸಕರಾಗಿ ತಾಸಿನ ಪಾಠಕ್ಕೆ ಬರಬಹುದು. ಸರ್ ಅವರಿಗೆ ಆಗ ಐವತ್ತೈದು ದಾಟಿತ್ತು. ಇನ್ನೆಲ್ಲಿಗೂ ಹೋಗುವ ವಯಸ್ಸಲ್ಲ. ಆದರೆ ಯಾರಿಗೂ ಆತಂಕವಿರಲಿಲ್ಲ, ಪ್ರಬಂಧ ಸಿದ್ಧವಿತ್ತು. ನಕ್ಷೆಗಳನ್ನು ನೀಟಾಗಿ ಬರೆದುಕೊಡುವುದಷ್ಟೇ ಬಾಕಿ. ಆ ಕೆಲಸವನ್ನು ಆ ವರ್ಷದ ಬೇಸಿಗೆಯ ರಜೆಯಲ್ಲಿ ನನಗೆ ಒಪ್ಪಿಸಿದ್ದರು. ನನಗೆ ಕೋಡು ಮೂಡಿತ್ತು.

ಮೇ ತಿಂಗಳ ಕೊನೆಗೆ ಕಲಘಟಗಿಯ ಆಚೆ, ಅಡವಿಯ ಅಂಚಿನ ಬಮ್ಮಿಗಟ್ಟಿಯಲ್ಲಿ ನನ್ನ ದೊಡ್ಡಪ್ಪನ ಮಗಳ ಕುಬಸದ ಕಾರ್ಯ ಇತ್ತು. ಬಸುರಿಗೆ ಹಸಿರು ಬಳೆ ಇಡಿಸುವ ಗದ್ದಲದಲ್ಲಿ ನಾನು ಸರ್ ಅವರ ಚಾಳಿಯಂತೆ ಪಡಸಾಲೆಯ ಜಂತಿ ಎಣಿಸುತ್ತ ನಿಂತಿದ್ದೆ. ಬಾಜೂಕೆ ಕಂಬಕ್ಕೆ ಒರಗಿ ಮೌನೇಶಪ್ಪಜ್ಜ ಕೂತಿದ್ದರು. ಆ ಊರಿನ ಹಳೆಯ ಬಡಿಗೇರರು, ಎಂಬತ್ತೈದರ ಮೇಲಿನ ಜೀವ.

"ಏನ್ ನೋಡತಿ ತಂಗಿ, ಹಲ್ಲಿ ಬಿದ್ದೀತಂತೇನ?" ಎಂದರು.

ನಾನು ದೊಡ್ಡ ವಿದ್ವಾಂಸಳ ಹಾಗೆ ಖಣ, ಮೂರೂವರೆ ಮೊಳ, ಆಯ ಎಲ್ಲ ವಿವರಿಸಿದೆ. ಅಜ್ಜ ಕೇಳುತ್ತ ಕೇಳುತ್ತ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮಿಗೆ ನೀರು ತರಿಸಬೇಕಾಯಿತು.

"ಆಯ ಹೊರಗಿನ ಗ್ವಾಡಿಗೆ ನೋಡತಾರಬೇ. ಒಳಗಿನ ಖಣಕ್ಕ ಯಾರ ನೋಡತಾರ? ನಿಮ್ಮ ಎರಿ ಸೀಮ್ಯಾಗ ಗಿಡ ಎಲ್ಲಿ ಅದಾವ? ಜಂತಿ, ತೊಲಿ, ಕಂಬ, ಎಲ್ಲಾ ನಮ್ಮ ಕಡೆ ಅಡವ್ಯಾಗಿಂದ ಬರತಿದ್ವು. ರಾಜಾರೋಷ ತರಾಕ ಬರತಿದ್ದಿಲ್ಲ, ಹಾದ್ಯಾಗ ಫಾರೆಸ್ಟಿನವರ ನಾಕಾ ಇತ್ತು. ಎತ್ತಿನ ಚಕ್ಕಡಿ ಒಳಗ ಕಟಗಿ ಹಾಕಿ ಮ್ಯಾಲೆ ಬತ್ತದ ಹುಲ್ಲ ಹೇರತಿದ್ವಿ. ಹುಲ್ಲಿನ ಚಕ್ಕಡಿ ಅಂತ ಬಿಡತಿದ್ರು. ಕಟಗಿ ತುದಿ ಚಕ್ಕಡಿ ಹೊರಗ ಒಂದ ಬಟ್ಟ ಕಂಡ್ರ ಸಿಕ್ಕಬೀಳತಿದ್ವಿ. ಹಂಗಾಗಿ ಚಕ್ಕಡಿ ಒಳಗ ಎಷ್ಟ ಹಿಡಸತೈತಿ ಅಷ್ಟಕ್ಕ ಕೊಯ್ಯೂದು. ನಾಕ ಮೊಳ. ತುದಿ ಎರಡೂ ಕಡೆ ತೊಲಿ ಮ್ಯಾಲೆ ಕುಂಡ್ರಾಕ ಬಿಟ್ರ ಉಳಿಯೂದ ಎಷ್ಟು?"

"ಮೂರೂವರಿ" ಎಂದೆ.

"ಮತ್ತ ಈ ಮನಿ ಅಳದ ನೋಡು. ಐದ ಮೊಳ ಖಣ. ನಮಗ ಅಡವಿ ಮನಿ ಹಿಂದ, ಚಕ್ಕಡಿ ಯಾಕ ಬೇಕು?"

ಕಂಬ ಗಿಡ್ಡ ಇರುವುದರ ಬಗ್ಗೆ, ವಿನಯದ ಬಗ್ಗೆ ಕೇಳುವ ಧೈರ್ಯ ನನಗಿರಲಿಲ್ಲ. ಆದರೂ ಕೇಳಿದೆ. "ಕಂಬಾನೂ ಅದ ಚಕ್ಕಡ್ಯಾಗ ಬರಬೇಕಲ್ಲ ತಂಗಿ" ಎಂದು ಅಜ್ಜ ಮತ್ತೆ ನೀರು ಕೇಳಿದರು.

ಅಲ್ಲಿ ನನಗೂ ನಗು ಬಂದಿತ್ತು. ಬಸ್ಸು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಭಯ ಹತ್ತಿತು. ಜೂನ್ ಮುಗಿಯಲು ಒಂದು ತಿಂಗಳಷ್ಟೇ ಇತ್ತು. ಈ ಮಾತು ಹೇಳಿದರೆ ಪ್ರಬಂಧ ಕೆಡುತ್ತದೆ, ಪ್ರಬಂಧ ಕೆಟ್ಟರೆ ನೌಕರಿ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅಜ್ಜನೇನು ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯುತ್ತಾರೆಯೇ? ಎರಡು ದಿನ ಸುಮ್ಮನೆ ನಕ್ಷೆ ಬರೆದೆ. ಮೂರನೆಯ ದಿನ ಸರ್ ನನ್ನ ಹಾಳೆಯ ಮೇಲೆ ಬಾಗಿ, "ಈ ಮನಿ ಎಷ್ಟ ಚಂದ ಬರದೀಬೇ ಅಣ್ಣಿಗೇರಿ, ಒಳಗ ಹೋಗಿ ಕುಂಡ್ರಬೇಕ ಅನಸತೈತಿ" ಎಂದರು. ಆ ಹೊಗಳಿಕೆ ನನ್ನಿಂದ ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ.

ಸರ್ ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನಾನು ಬರೆದ ಹಾಳೆಯನ್ನು ಸುರುಳಿ ಸುತ್ತಿ ಬದಿಗಿಟ್ಟರು. ಆಮೇಲೆ, "ಅಜ್ಜ ಚ್ಯಾಷ್ಟಿ ಮಾಡೂ ಪೈಕಿ ಏನು?" ಎಂದು ಕೇಳಿದರು.

"ಚ್ಯಾಷ್ಟಿ ಮಾಡತಾರ್ರಿ. ಆದ್ರ ಇದು ಖರೆ ಅನಸ್ತು."

"ನಾಳೆ ಹೋಗೂಣು."

ಕಲಘಟಗಿಯಲ್ಲಿ ಬಸ್ಸು ಬದಲಿಸಿ ಬಮ್ಮಿಗಟ್ಟಿ ಮುಟ್ಟಿದೆವು. ಸರ್ ಮೊದಲ ಅರ್ಧ ತಾಸು ಅಜ್ಜನ ಜೊತೆ ಜಗಳವನ್ನೇ ಆಡಿದರು. ಆಯದ ಲೆಕ್ಕ ಹಾಕಿ ತೋರಿಸಿದರು, ಹಳೆಯ ಮನೆಗಳ ಹೆಸರು ಹೇಳಿದರು. ಅಜ್ಜ ಎಲ್ಲದಕ್ಕೂ "ಹೌದ್ರಿ ಸರ, ಇರಬೇಕ್ರಿ" ಎನ್ನುತ್ತ ಎಲೆ ಅಡಿಕೆ ಹಾಕಿಕೊಂಡರು. ಮಾತು ಮುಗಿದ ಮೇಲೆ ಎದ್ದು, ಕೋಲೂರುತ್ತ ಹಿತ್ತಿಲಿಗೆ ಕರೆದುಕೊಂಡು ಹೋದರು. ಹುಣಸೆಮರದ ಕೆಳಗೆ ಒಂದು ಹಳೆಯ ಚಕ್ಕಡಿ ಬಿದ್ದಿತ್ತು. ಗಾಲಿ ಇರಲಿಲ್ಲ, ಒಳಗೆ ಕೋಳಿಗಳಿದ್ದವು.

"ಅಳೀರಿ" ಎಂದರು ಅಜ್ಜ.

ಸರ್ ಕೋಳಿಗಳನ್ನು ಓಡಿಸಿದರು. ಟೇಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ಮೊಳಕೈ ಊರಿ ಅಳೆದರು: ಒಂದು, ಎರಡು, ಮೂರು, ನಾಲ್ಕು. ಬೆರಳ ತುದಿ ಹಿಂದಿನ ಹಲಗೆಗೆ ತಾಗಿತು. ಮತ್ತೆ ಆ ಕಡೆಯಿಂದ ಅಳೆದರು. ಆಮೇಲೆ ನನಗೆ ಇಂದಿಗೂ ನಂಬಲಾಗದ ಕೆಲಸ ಮಾಡಿದರು. ಆ ಕೋಳಿಯ ಹಿಕ್ಕೆಯ ನಡುವೆ, ಇಸ್ತ್ರಿ ಮಾಡಿದ ಅಂಗಿಯಲ್ಲೇ, ಚಕ್ಕಡಿಯೊಳಗೆ ಉದ್ದಕ್ಕೆ ಮಲಗಿಬಿಟ್ಟರು. ಹಿಂದಿನ ಹಲಗೆಯ ಮೇಲೆ ಹಾಕಿದ ಅವರ ಕಾಲು ಹೊರಗೆ ಚಾಚಿಕೊಂಡಿತು.

"ಸರ, ನೀವು ನಾಕಾದಾಗ ಸಿಕ್ಕಬೀಳತೀರಿ" ಎಂದರು ಅಜ್ಜ. ಇಬ್ಬರೂ ನಗಲು ಶುರುಮಾಡಿದರು. ಒಬ್ಬರು ಮಲಗಿ, ಒಬ್ಬರು ಕೋಲು ಹಿಡಿದು. ಅಳುವುದೋ ನಗುವುದೋ ತಿಳಿಯದೆ ನಿಂತವಳು ನಾನೊಬ್ಬಳೇ.

ಮರುದಿನ ಪ್ರಾಂಶುಪಾಲರ ಕೋಣೆಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದೊಯ್ದರು, ನಕ್ಷೆ ಬರೆದವಳೆಂಬ ಕಾರಣಕ್ಕೆ. ಪ್ರಾಂಶುಪಾಲರು ಕೆಟ್ಟವರಲ್ಲ. ಎಲ್ಲ ಕೇಳಿಸಿಕೊಂಡು, "ಸಂಶಿಯವರ, ಇದನ್ನ ಒಂದ ಪ್ಯಾರಾ ಮಾಡಿ ಕಡೀಗೆ ಸೇರಿಸ್ರಿ. ಹಿಂಗೂ ಒಂದ ಅಭಿಪ್ರಾಯ ಐತಿ ಅಂತ ಬರೀರಿ. ಕೊಟ್ಟಬಿಡ್ರಿ" ಎಂದರು.

"ಪ್ಯಾರಾದ ಮಾತಲ್ರಿ ಸರ್. ತೊಲಿನಽ ಮುರದೈತಿ. ಮ್ಯಾಲೆ ಹೆಂಗ ಹೇರಲಿ?"

"ನೌಕರಿ ಹೋಗತೈತ್ರಿ."

"ಹೌದ್ರಿ" ಎಂದರು ಸಂಶಿ ಸರ್. ಅಷ್ಟೇ.

ಜುಲೈಯಲ್ಲಿ ಅವರು ಅತಿಥಿ ಉಪನ್ಯಾಸಕರಾದರು. ಅವರ ಕೋಣೆಗೆ ಬೇರೆ ಹೆಸರಿನ ಹಲಗೆ ಬಂತು. ನಕ್ಷೆ ತೆಗೆಯುವ ಯಂತ್ರವಿದ್ದ ಸಣ್ಣ ಕೋಣೆಯಲ್ಲಿ ಅವರಿಗೊಂದು ಕುರ್ಚಿ ಹಾಕಿಕೊಟ್ಟರು. ಹಳ್ಳಿಯ ಮನೆ ಅಳೆಯುವ ಪಾಠವನ್ನು ಪಠ್ಯದಿಂದ ತೆಗೆದುಹಾಕಿದರು, ಅದನ್ನು ನಡೆಸಲು ಕಾಯಂ ಅಧ್ಯಾಪಕರೇ ಬೇಕೆಂದು. ಕಾಲೇಜಿನ ಬಗ್ಗೆ ನನಗಿರುವ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಆದರೆ ಸುದ್ದಿ ಊರೂರಿಗೆ ಹಬ್ಬಿತು. ನೌಕರಿ ಹೋದರೂ ಸರಿ, ಸುಳ್ಳು ಬರೆಯಲಿಲ್ಲ ಎಂದು ಎರಡು ಮೂರು ಕಡೆ ಕರೆದು ಸನ್ಮಾನ ಮಾಡಿದರು. ನಾವು ವಿದ್ಯಾರ್ಥಿಗಳಂತೂ ಅವರ ಬಗ್ಗೆ ಮಾತಾಡುವಾಗ ಧ್ವನಿ ತಗ್ಗಿಸುತ್ತಿದ್ದೆವು.

ಅದೇ ಶ್ರಾವಣದಲ್ಲಿ ಒಮ್ಮೆ ಕುಂದಗೋಳಕ್ಕೆ ಹೋಗಿದ್ದೆ. ಸರ್ ಹೊರಗೆ ಹೋಗಿದ್ದರು. ಅಕ್ಕಾರು ಚಹ ಕೊಟ್ಟು, ಎದುರಿಗೆ ಕೂತು, ಕೈಯಲ್ಲಿನ ಅಕ್ಕಿಯ ಮೊರ ಬಿಡದೆಯೇ ಕೇಳಿದರು: "ಜೂನ್ ಮುಗದ ಮ್ಯಾಲೆ ಹೇಳಿದ್ರ ಏನ ಆಗತಿತ್ತು ತಂಗಿ? ಒಂದ ತಿಂಗಳಾ."

ಬೈದಿರಲಿಲ್ಲ, ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಆಮೇಲೆ ನಾನು ಓದು ಮುಗಿಸಿ, ಮುಂದೆ ಓದಿ, ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದರೂ ಆ ಒಂದು ತಿಂಗಳು ನನ್ನ ಬೆನ್ನು ಬಿಡಲಿಲ್ಲ. ಸರ್ ಅವರ ನೌಕರಿ ತೆಗೆದವಳು ನಾನು ಎಂದೇ ನಾನು ನಂಬಿದ್ದೆ.

ಸರ್ ಮಾತ್ರ ಕುಗ್ಗಲಿಲ್ಲ. ಮೊದಲಿನಿಂದ ಬರೆಯಲು ಕೂತರು. ಈ ಸಲ ಮನೆಗಳ ಜೊತೆ ದಾರಿಗಳನ್ನೂ ಅಳೆದರು, ಯಾವ ಊರಿಗೆ ಕಟ್ಟಿಗೆ ಎಲ್ಲಿಂದ ಬಂತು, ಹೇಗೆ ಬಂತು ಎಂದು. ಚಕ್ಕಡಿ ಹೋದಲ್ಲೆಲ್ಲ ಮೂರೂವರೆ ಮೊಳ. ಕುಂದಗೋಳದ ರೈಲು ನಿಲ್ದಾಣದ ಬಾಜೂಕಿನ ಮೂರು ಮನೆಗಳಲ್ಲಿ ಮಾತ್ರ ಖಣ ಐದು ಮೊಳ, ಯಾಕೆಂದರೆ ಅವುಗಳ ಕಟ್ಟಿಗೆ ರಸೀತಿ ಸಮೇತ ರೈಲಿನಲ್ಲಿ ಬಂದಿತ್ತು. ರೈಲಿಗೆ ಹುಲ್ಲು ಹೇರುವ ಕಷ್ಟವಿಲ್ಲ. ಆ ಮೂರು ಮನೆಗಳೇ ಹೊಸ ಪ್ರಬಂಧದ ಗಟ್ಟಿ ಪುರಾವೆಯಾದವು. ಅರವತ್ತೊಂದನೆಯ ವಯಸ್ಸಿಗೆ ಅವರಿಗೆ ಡಾಕ್ಟರೇಟ್ ಬಂತು. ಅಷ್ಟೊತ್ತಿಗೆ ಮರಳಿ ಕೊಡಲು ಹುದ್ದೆ ಇರಲಿಲ್ಲ, ಕೇಳಲು ಅವರಿಗೆ ವಯಸ್ಸೂ ಇರಲಿಲ್ಲ. ಮೌನೇಶಪ್ಪಜ್ಜನ ಮನೆಗೆ ಪೇಡೆ ಒಯ್ದಿದ್ದರು. ಅಜ್ಜ ಹೋಗಿ ಎರಡು ವರ್ಷವಾಗಿತ್ತು. ಅಜ್ಜನ ಫೋಟೊ ಮುಂದೆ ಪೇಡೆ ಇಟ್ಟು ಬಂದರಂತೆ.

ಹೋದ ವರ್ಷ ಅವರ ಮೈ ತೀರ ಸೋತಿದೆ ಎಂದು ತಿಳಿದು ನೋಡಲು ಹೋದೆ. ಪಡಸಾಲೆಯಲ್ಲಿ ಮಂಚ ಹಾಕಿದ್ದರು. ದಿಂಬು ಆನಿಸಿ ಕೂತಿದ್ದರು, ಕೈ ತೆಳ್ಳಗಾಗಿತ್ತು. ಒಳಗೆ ಅಕ್ಕಾರು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದು ಇದು ಮಾತಾಡಿದೆವು. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಅನ್ನಿಸಿತು.

"ಸರ್, ಮೌನೇಶಪ್ಪಜ್ಜನ ಮಾತು ನಾ ಜೂನ್ ಮುಗದ ಮ್ಯಾಲೆ ಹೇಳಬೇಕಿತ್ತೇನ್ರಿ?"

ಅವರು ಅಡುಗೆಮನೆಯ ಕಡೆ ನೋಡಿದರು. ರೊಟ್ಟಿಯ ಸಪ್ಪಳ ನಡೆದೇ ಇತ್ತು. ಧ್ವನಿ ತಗ್ಗಿಸಿ ಕೇಳಿದರು: "ಟೇಸನ್ ಬಾಜೂಕಿನ ಮೂರ ಮನಿ ಅದಾವಲ್ಲ, ಅವನ್ನ ನಾ ಯಾವಾಗ ಅಳದಿದ್ದೆ, ಹೇಳು?"

"ಎರಡನೇ ಸಲ ಬರಿಯೂ ಮುಂದ."

"ಅಲ್ಲಬೇ. ನೀ ಬಮ್ಮಿಗಟ್ಟಿಗೆ ಹೋಗೂಕಿಂತ ಮೂರ ವರ್ಷ ಮೊದಲ. ನನ್ನ ಊರಾಗಿನ ಮನಿ ಬಿಟ್ಟ ನಾ ನವಲಗುಂದ ಅಳ್ಯಾಕ ಹೋಗತೇನೇನ? ಐದ ಮೊಳ ಬಂತು. ಆಯಕ್ಕ ಹೊಂದಲಿಲ್ಲ. ಮತ್ತ ಹೋಗಿ ಅಳದೆ, ಮತ್ತ ಐದ. ಆ ಮೂರ ಹಾಳಿ ತಗದ ಗಾದಿ ಬುಡಕ ಇಟ್ಟೆ. ಅದರ ಮ್ಯಾಲೆ ಮೂರ ವರ್ಷ ಮಲಗಿದೆ."

ಅವರು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

"ಖರೆ ಹೇಳಿದಾಂವ ಅಂತ ಶಾಲು ಹೊಚ್ಚಿಸಿದ್ರು. ಹೊಚಗೊಂಡ ಕುಂತೆ. ನೀ ಬಂದ ಅಳಲಿಲ್ಲಂದ್ರ ನಾ ಅದನ್ನ ಕೊಡಾಂವ ಇದ್ದೆ, ಅಣ್ಣಿಗೇರಿ. ಗೊತ್ತಿದ್ದೂ ಕೊಡಾಂವ ಇದ್ದೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಇದನ್ನ ನಿನ್ನ ಹುಡುಗ್ರಿಗೆ ಹೇಳು. ನಾ ಹೋದ ಮ್ಯಾಲೆ ಹೇಳು. ಇದ್ದಾಗ ನನಗ ನಾಚಿಕಿ."

ಅವತ್ತು ನನಗೆ ಮೊದಲು ಬಂದದ್ದು ಸಿಟ್ಟು. ಹತ್ತು ವರ್ಷ ನಾನು ಹೊತ್ತ ಭಾರವನ್ನು ಅವರು ಒಂದು ಮಾತಿನಿಂದ ಇಳಿಸಬಹುದಿತ್ತು, ಇಳಿಸಲಿಲ್ಲ. ರೈಲು ಹತ್ತಿದ ಮೇಲೆ ಸಿಟ್ಟು ಹೋಗಿ ಅವರ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಬಂತು. ಶಾಲು ಹೊದ್ದು ಕೂತ ಸತ್ಯವಂತರನ್ನು ಗೌರವಿಸುವುದು ಸುಲಭ, ಹತ್ತಿರ ಹೋಗುವುದು ಕಷ್ಟ. ಗಾದಿಯ ಕೆಳಗೆ ಹಾಳೆ ಬಚ್ಚಿಟ್ಟು ನಿದ್ದೆಗೆಟ್ಟ ಮನುಷ್ಯ ನನ್ನವರು ಅನ್ನಿಸಿದರು. ಕಾರ್ತಿಕದಲ್ಲಿ ಅವರು ಹೋದರು. ಪರೀಕ್ಷೆಯ ಕೆಲಸದಲ್ಲಿ ಸಿಕ್ಕಿಕೊಂಡು ನನಗೆ ಮಣ್ಣಿಗೂ ಹೋಗಲಾಗಲಿಲ್ಲ.

ಈ ವರ್ಷ ಇದನ್ನು ಬರೆಯಬೇಕೆಂದು ಕೂತಾಗ ಕೈ ತಡೆಯಿತು. ಅಕ್ಕಾರಿಗೆ ತಿಳಿಯದ ಸಂಗತಿಯನ್ನು ಅವರು ಅಚ್ಚಿನಲ್ಲಿ ಓದುವಂತಾಗಬಾರದು. ಫೋನ್ ಮಾಡಿ, ಸರ್ ನನ್ನೊಬ್ಬಳಿಗೇ ಹೇಳಿದ್ದನ್ನು ಹೆದರುತ್ತ ಹೇಳಿದೆ.

"ಬರಿ ತಂಗಿ. ಅವರಽ ಹೇಳು ಅಂದಾರಂದ್ರ ಬರಿ" ಎಂದರು. ನಾನು ಫೋನ್ ಇಡಬೇಕು ಎನ್ನುವಷ್ಟರಲ್ಲಿ ಮತ್ತೆ ಶುರುಮಾಡಿದರು.

"ದಿನಾ ಗಾದಿ ಝಾಡಿಸಿ ಹಾಸಾಕಿ ನಾನಽ ಅಲ್ಲೇನ? ಆ ಹಾಳಿ ದಿನಾ ತಗೀತಿದ್ದೆ, ದಿನಾ ಇದ್ದಾಂಗಽ ಇಡತಿದ್ದೆ. ಏನ ಅಂತ ತಿಳಿಯೂವಷ್ಟ ನಾನೂ ಓದೇನಿ. ಅವರಿಗೆ ಗೊತ್ತಾಗಗೊಡಲಿಲ್ಲ. ಗೊತ್ತಿದ್ದಽ ನಿನಗ ಒಂದ ತಿಂಗಳ ತಡೀಬೇಕಿತ್ತು ಅಂದೆ" ಎಂದರು ಅಕ್ಕಾರು. "ಅದನ್ನೂ ಬರಿ."